ಬಿತ್ತನೆ ಗೋಧಿ

ಬೀಗದ ಕೈಯನ್ನು ಅತ್ತೆ ಸೊಸೆಗೆ ಬಿಟ್ಟುಕೊಟ್ಟು ಆರು ವರ್ಷವಾಗಿತ್ತು. ಅಳತೆಯ ಲೋಟವನ್ನು ಮಾತ್ರ ಬಿಟ್ಟುಕೊಟ್ಟಿರಲಿಲ್ಲ. ಕಾಲ ಚೆನ್ನಾಗಿದ್ದಾಗ ಅದು ಯಾರ ಗಮನಕ್ಕೂ ಬಂದದ್ದಿಲ್ಲ. ಸಾಲಾಗಿ ಎರಡು ಬೆಳೆ ತುಕ್ಕುರೋಗಕ್ಕೆ ಹೋಗಿ, ಹೊರದೇಶದ ಹಡಗುಗಳು ಬರುವುದೂ ನಿಂತ ಮೇಲೆ, ಆ ಮನೆಯಲ್ಲಿ ಆ ತಗಡಿನ ಲೋಟಕ್ಕಿಂತ ದೊಡ್ಡ ಅಧಿಕಾರ ಇನ್ನೊಂದಿರಲಿಲ್ಲ. ಬೆಳಿಗ್ಗೆ ಒಂದು ಲೋಟ ನುಚ್ಚಿನಲ್ಲಿ ನಾಲ್ಕು ಜನಕ್ಕೆ ಗಂಜಿ, ಸಂಜೆಗೆ ಮುಕ್ಕಾಲು ಲೋಟ. ಮಗನಿಗೆ ಬಡಿಸುವಾಗ ಅತ್ತೆಯ ಸೌಟು ಪಾತ್ರೆಯ ತಳ ಮುಟ್ಟುತ್ತಿತ್ತು. ಸೊಸೆಗೆ ಬಡಿಸುವಾಗ ಮೇಲ್ಮೇಲೆ ತೇಲಿ ಬರೀ ತಿಳಿಯನ್ನು ಎತ್ತುತ್ತಿತ್ತು. ಸೊಸೆ ಅದನ್ನು ದಿನಾ ನೋಡುತ್ತಿದ್ದಳು.

ಮಗ ಸರ್ಕಾರಿ ಉಗ್ರಾಣದ ಲಾರಿ ಓಡಿಸುತ್ತಿದ್ದ. ದೇಶದಲ್ಲಿ ಇನ್ನೂ ತೊಂಬತ್ತು ದಿನಕ್ಕಾಗುವಷ್ಟು ದಾಸ್ತಾನು ಇದೆ, ಯಾರೂ ಹೆದರಬೇಕಾಗಿಲ್ಲ ಎಂದು ರೇಡಿಯೋ ಪ್ರತಿ ಸಂಜೆ ಹೇಳುತ್ತಿತ್ತು. ಹೋದ ತಿಂಗಳೂ ತೊಂಬತ್ತೇ ಹೇಳಿತ್ತು. ಸಾಹೇಬರು ಒಂದು ಉಗ್ರಾಣ ನೋಡಿ ಹೊರಟ ಕೂಡಲೇ ಅಲ್ಲಿನ ಮೂಟೆಗಳನ್ನು ಇವನೇ ಹೇರಿಕೊಂಡು ಹೋಗಿ, ಅವರು ಮಾರನೆಯ ದಿನ ನೋಡಲಿದ್ದ ಉಗ್ರಾಣದಲ್ಲಿ ಇಳಿಸುತ್ತಿದ್ದ. ಆ ಮೂಟೆಗಳಿಗೂ ತನಗೂ ಈಗ ಹೆಸರು ಹಿಡಿದು ಕರೆಯುವಷ್ಟು ಸಲಿಗೆಯಾಗಿದೆ ಎಂದು ಮನೆಯಲ್ಲಿ ನಗೆಯಾಡುತ್ತಿದ್ದ. ಅವನೊಬ್ಬನೇ ನಗುತ್ತಿದ್ದ.

ಸೊಸೆಗೆ ಬೀಜದ ಕಾರ್ಖಾನೆಯಲ್ಲಿ ಕೆಲಸ. ಬಿತ್ತನೆಗೆ ಹೋಗುವ ಗೋಧಿಗೆ ಹುಳ ಬೂಷ್ಟು ಹಿಡಿಯದ ಹಾಗೆ ಔಷಧಿ ಲೇಪಿಸುವ ದೊಡ್ಡ ಡ್ರಮ್ಮು ಅವಳ ವಶದಲ್ಲಿತ್ತು. ಗೋಧಿ ಸುರಿದು, ಒಂದು ಡಬ್ಬಿ ಔಷಧಿ, ಒಂದು ಡಬ್ಬಿ ಕೆಂಪು ಬಣ್ಣ ಹಾಕಿ ತಿರುಗಿಸಬೇಕು. ಔಷಧಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಇದು ವಿಷ, ತಿನ್ನಬಾರದು ಎಂದು ಕಂಡವರಿಗೆಲ್ಲ ತಿಳಿಯಲಿ ಎಂದೇ ಕೆಂಪು ಸೇರಿಸುವುದು.

ಬೇಸಿಗೆಯ ಹೊತ್ತಿಗೆ ಔಷಧಿ ಮುಗಿಯಿತು. ಅದೂ ಹಡಗಿನಲ್ಲಿ ಬರಬೇಕಾದ ಸರಕು. ಮೇಸ್ತ್ರಿ ಅವಳನ್ನು ಪಕ್ಕಕ್ಕೆ ಕರೆದು, ಇನ್ನು ಮೇಲೆ ಬರೀ ಬಣ್ಣ ಹಾಕು, ಯಾರಿಗೂ ಗೊತ್ತಾಗಬಾರದು, ವಿಷವಿಲ್ಲ ಎಂದು ತಿಳಿದರೆ ಜನ ಬೀಜವನ್ನೇ ಮುಕ್ಕಿಬಿಡುತ್ತಾರೆ, ಬರುವ ವರ್ಷ ಬಿತ್ತುವುದಕ್ಕೆ ಮಣ್ಣು ಬಿಟ್ಟರೆ ಏನೂ ಉಳಿಯುವುದಿಲ್ಲ ಎಂದ. ಬರುವ ವರ್ಷದ ಅನ್ನವೆಲ್ಲ ಅವಳ ಕೈಯಲ್ಲಿದೆಯಂತೆ. ಅವಳು ಹೂಂ ಅಂದಳು. ಏಳು ವರ್ಷದ ಮಗಳು ಬೆಳಿಗ್ಗೆ ಗಂಜಿಯ ತಟ್ಟೆಯನ್ನು ನೆಕ್ಕಿ, ಅಪ್ಪನ ತಟ್ಟೆಯನ್ನೂ ನೆಕ್ಕಿದ್ದು ಅವಳ ಕಣ್ಣ ಮುಂದೆಯೇ ಇತ್ತು. ಬರುವ ವರ್ಷದ ಚಿಂತೆ ಬರುವ ವರ್ಷ ಬದುಕಿರುವವರಿಗೆ ಎಂದುಕೊಂಡಳು.

ಗೇಟಿನಲ್ಲಿ ಕಾವಲಿನವನು ಎಲ್ಲರ ಕೈ ನೋಡಿ ಬಿಡುತ್ತಿದ್ದ. ಬೀಜ ಮುಟ್ಟಿದ ಕೈಗೆ ಕೆಂಪು ಹತ್ತಿಯೇ ಹತ್ತುತ್ತದೆ. ಬೇರೆಯವರ ಕೈ ಕೆಂಪಾಗಿದ್ದರೆ ಕಳ್ಳತನ, ಡ್ರಮ್ಮಿನವಳ ಕೈ ಕೆಂಪಾಗಿದ್ದರೆ ಕೆಲಸ. ಅಷ್ಟು ಜನರಲ್ಲಿ ಸಿಕ್ಕಿಬೀಳದೆ ಕದಿಯಲು ಸಾಧ್ಯವಿದ್ದವಳು ಅವಳೊಬ್ಬಳೇ. ಕಾರ್ಖಾನೆಯೇ ಕೊಟ್ಟ ರಬ್ಬರ್ ಬೂಟುಗಳಲ್ಲಿ ಒಂದೊಂದಕ್ಕೆ ಎರಡು ಹಿಡಿಯಂತೆ ತುಂಬಿಕೊಂಡು, ಕಾಲಿಗೆ ಆಣಿಯಾದವಳ ಹಾಗೆ ನಿಧಾನಕ್ಕೆ ಹೆಜ್ಜೆಯಿಟ್ಟು ಮನೆಗೆ ಬಂದಳು.

ಮೊದಲ ದಿನ ಅತ್ತೆ ಆ ಕೆಂಪು ಕಾಳು ನೋಡಿ ಹೌಹಾರಿದಳು. ಮನೆಮಂದಿಯನ್ನೆಲ್ಲ ಒಟ್ಟಿಗೆ ಕಳಿಸಿಬಿಡಬೇಕೆಂದಿದ್ದೀಯಾ ಎಂದು ಕೇಳಿದಳು. ಸೊಸೆ ಮೂರು ನೀರಿನಲ್ಲಿ ತೊಳೆದು, ಬೇಯಿಸಿ, ಎಲ್ಲರೆದುರಿಗೆ ತಾನು ಮೊದಲು ತಿಂದು ತೋರಿಸಿದಳು. ಬರೀ ಬಣ್ಣ ಎಂದಳು. ಮಾರನೆಯ ಬೆಳಿಗ್ಗೆ ಅವಳು ಎಂದಿನಂತೆ ಎದ್ದು ನೀರು ಹಿಡಿದದ್ದನ್ನು ನೋಡಿದ ಮೇಲೆ ಅತ್ತೆ ಉಳಿದದ್ದನ್ನು ಬಡಿಸಿಕೊಂಡು ತಿಂದಳು. ತಿಂದು, ಕಾಲಿನ ವಾಸನೆ ಎಂದಳು.

ಮಗಳನ್ನು ಓಣಿಯವರೆಲ್ಲ ಚಿನಕುರಳಿ ಎಂದು ಕರೆಯುತ್ತಿದ್ದರು. ಬಾಯಿ ತೆರೆದರೆ ಪಟಪಟ ಎನ್ನುವ ಹುಡುಗಿ ಎರಡು ತಿಂಗಳಿಂದ ಮೂಲೆ ಹಿಡಿದು ಕೂತಿತ್ತು. ಹೊಟ್ಟೆಗೆ ಬಿದ್ದ ಮೇಲೆ ಅದರ ಬಾಯಿ ಮತ್ತೆ ಶುರುವಾಯಿತು. ಹೀಗೆ ಐದು ವಾರ ನಡೆಯಿತು.

ಅತ್ತೆಗೆ ಮೂರು ಓಣಿಯಾಚೆ ಒಬ್ಬಳು ಮಗಳಿದ್ದಳು. ಅಳಿಯ ಬೇಕರಿಯಲ್ಲಿದ್ದ, ಹಿಟ್ಟು ಸಿಗದೆ ಬೇಕರಿ ಮುಚ್ಚಿದಾಗ ಕೆಲಸ ಹುಡುಕಿಕೊಂಡು ಹೋದವನು ಸುದ್ದಿಯೇ ಕೊಟ್ಟಿರಲಿಲ್ಲ. ಎರಡು ಮಕ್ಕಳನ್ನು ಕಟ್ಟಿಕೊಂಡು ನಾದಿನಿ ಪಡಿತರದ ಅರ್ಧ ಪಾಲಿನಲ್ಲಿ ದಿನ ದೂಡುತ್ತಿದ್ದಳು. ಬೂಟಿನ ಗೋಧಿಯ ವಿಷಯ ಅವಳಿಗೆ ತಿಳಿಯಕೂಡದೆಂದು ಸೊಸೆ ಮೊದಲ ದಿನವೇ ಹೇಳಿದ್ದಳು. ಮೂರು ಜನರ ಬಾಯಿಗೆ ಬಿದ್ದ ಗುಟ್ಟು ಮೂವತ್ತು ಜನರಿಗೆ ಹೋಗುತ್ತದೆ, ಜೈಲಿಗೆ ಹೋಗುವವಳು ನಾನು ಎಂದು. ಅತ್ತೆ ಆಗ ತುಟಿ ಪಿಟಕ್ಕೆನ್ನಲಿಲ್ಲ. ಹಾಗೆ ಸುಮ್ಮನಿದ್ದಾಗಲೇ ಅನುಮಾನ ಪಡಬೇಕಿತ್ತು.

ಆರನೆಯ ವಾರದ ಭಾನುವಾರ ಸೊಸೆ ಬಟ್ಟೆ ಒಗೆದು ಒಳಗೆ ಬಂದಾಗ ಅತ್ತೆ ಬಾಗಿಲಿಗೆ ಬೆನ್ನು ಮಾಡಿ ಕೂತು, ಡಬ್ಬದಿಂದ ಒಂದು ಲೋಟ, ಎರಡು ಲೋಟ ಎಂದು ಕೈಚೀಲಕ್ಕೆ ಅಳೆದು ಹಾಕುತ್ತಿದ್ದಳು. ಎರಡನೆಯ ಲೋಟ ಗೋಪುರದಷ್ಟು ಏರಿತ್ತು. ಅಂಥ ಅಳತೆ ಆ ಮನೆಯಲ್ಲಿ ಯಾರ ತಟ್ಟೆಗೂ ಬಿದ್ದಿರಲಿಲ್ಲ.

"ಎಷ್ಟು ದಿನದಿಂದ ನಡೀತಿದೆ ಇದು?" ಸೊಸೆ ಕೇಳಿದಳು.

"ನೀನು ತಂದ ದಿನದಿಂದ."

"ಕದ್ದು ತರೋಳು ನಾನು. ದಾನ ಮಾಡೋರು ನೀವು."

"ದಾನ ಅಲ್ಲ, ನನ್ನ ತಟ್ಟೇದು ತೆಗೆದಿಟ್ಟಿದ್ದು. ಅವಳ ಮಕ್ಕಳೇನು ಮಣ್ಣು ತಿನ್ಬೇಕಾ?"

"ತಿನ್ಲಿ," ಎಂದಳು ಸೊಸೆ.

ಹೇಳಿದ ಮೇಲೆ, ಆಡಬಾರದಿತ್ತು ಎಂದು ಅವಳಿಗೇ ಅನಿಸಿತು. ಆದರೆ ಆಡಿದ್ದನ್ನು ನುಂಗುವ ಜಾಯಮಾನ ಅವಳದಲ್ಲ. ಚೀಲವನ್ನು ಕಿತ್ತುಕೊಂಡು ಗೋಧಿಯನ್ನು ಡಬ್ಬಕ್ಕೆ ಸುರಿದಳು.

"ನಾಳೆಯಿಂದ ಒಂದು ಕಾಳೂ ತರಲ್ಲ. ಆ ಲೋಟದಲ್ಲಿ ಅದೇನು ಅಳೀತೀರೋ ಅಳ್ಕೊಳ್ಳಿ."

ಗಂಡ ಒಳಗೆ ಮಲಗಿದ್ದವನು ಎಲ್ಲ ಕೇಳಿಸಿಕೊಂಡೂ ಮಗ್ಗುಲು ಬದಲಿಸಿದ. ಅವ್ವ ಹೆಂಡತಿಯ ನಡುವೆ ಮಾತು ಬೆಳೆದಾಗಲೆಲ್ಲ ಅವನಿಗೆ ಎಲ್ಲಿಲ್ಲದ ನಿದ್ದೆ ಬರುತ್ತಿತ್ತು.

ಸೋಮವಾರ ಕಾರ್ಖಾನೆಗೆ ನೀಲಿ ಡಬ್ಬಿಗಳು ಬಂದಿಳಿದಿದ್ದವು. ಹೇಗೋ ಒಂದು ಹಡಗು ಬಂದಿತ್ತು. ಮೇಸ್ತ್ರಿ ಅವಳಿಗೆ ಕೈಗವಸು ಕೊಟ್ಟ, ಮೂಗಿಗೆ ಕಟ್ಟುವ ಬಟ್ಟೆ ಕೊಟ್ಟ, ಒಂದು ಅಚ್ಚು ಹಾಕಿದ ಹಾಳೆ ಕೊಟ್ಟು ಓದಿಕೊಳ್ಳಲು ಹೇಳಿದ. ಇದು ಹಳೆಯ ಔಷಧಿಗಿಂತ ಜೋರಿನದು. ಹೊಟ್ಟೆಗೆ ಹೋದರೆ ಕೂಡಲೇ ಏನೂ ಗೊತ್ತಾಗುವುದಿಲ್ಲ. ವಾರಗಳಾದ ಮೇಲೆ ಬೆರಳು ಜುಮುಗುಟ್ಟುತ್ತದೆ, ನಡಿಗೆ ತಪ್ಪುತ್ತದೆ, ಆಮೇಲೆ ಮಾತು, ಆಮೇಲೆ ಕಣ್ಣು. ತೊಳೆದರೆ ಬಣ್ಣ ಹೋಗುತ್ತದೆ, ಔಷಧಿ ಹೋಗುವುದಿಲ್ಲ. ಅವಳು ಎರಡು ಸಲ ಓದಿದಳು. ಒಂದು ಕಾಳೂ ತರಲ್ಲ ಎಂದು ಭಾನುವಾರ ಆಡಿದ ಮಾತನ್ನು ದೇವರೇ ನಡೆಸಿಕೊಟ್ಟ ಹಾಗಾಯಿತಲ್ಲ ಎಂದುಕೊಂಡಳು. ಹಾಳೆಯನ್ನು ಮೇಸ್ತ್ರಿ ವಾಪಸು ತೆಗೆದುಕೊಂಡ. ಅದು ಹೊರಗೆ ಹೋಗುವಂತಿರಲಿಲ್ಲ.

ಸಂಜೆ ಮನೆಯಲ್ಲಿ ಕೂತು ಬಿಡಿಸಿ ಹೇಳಿದಳು. ಡಬ್ಬದಲ್ಲಿ ಇರುವುದು ಹಳೆಯದು, ಅದು ತಿನ್ನಬಹುದು, ಆರು ದಿನಕ್ಕಾಗುತ್ತದೆ. ಇವತ್ತಿನಿಂದ ಬರುವುದು ನಿಜವಾದ ವಿಷ. ಅತ್ತೆ ಪೂರ್ತಿ ಕೇಳಿ, ಸೊಸೆಯ ಕೈ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದಳು. ಕೈಗವಸು ಹಾಕಿದ್ದರಿಂದ ಕೈ ಬೆಳ್ಳಗಿತ್ತು.

"ನಿನ್ನೆ ತರಲ್ಲ ಅಂದೆ. ಇವತ್ತು ವಿಷ ಬಂತು," ಎಂದಳು ಅತ್ತೆ. "ಡ್ರಮ್ಮಿನ ಹತ್ರಕ್ಕೇ ಹೋಗಿಲ್ಲ ನೀನು. ಹಟ ಸಾಧಿಸೋಕೆ ನಿನ್ನ ಮಗಳ ಹೊಟ್ಟೇನೂ ಸುಡ್ತೀಯಲ್ಲ, ನೀನು ಹೆಣ್ಣಾ?"

"ರೀ, ನೀವಾದ್ರೂ ಹೇಳಿ."

ಗಂಡ ಗಂಜಿಯಲ್ಲಿ ಬೆರಳಾಡಿಸುತ್ತ, ನೋಡೋಣ ಅಂದ. ಏನನ್ನು ನೋಡುವುದು ಎಂದು ಅವನಿಗೂ ಗೊತ್ತಿರಲಿಲ್ಲ.

ಡಬ್ಬ ಆರರ ಬದಲು ಐದೇ ದಿನಕ್ಕೆ ಖಾಲಿಯಾಯಿತು. ಮತ್ತೆ ಒಂದು ಲೋಟ, ಮುಕ್ಕಾಲು ಲೋಟ. ಪಡಿತರದ ಅಂಗಡಿಯ ಮುಂದೆ ಅತ್ತೆ ನಸುಕಿಗೆ ಹೋಗಿ ನಿಂತರೆ ಮಧ್ಯಾಹ್ನಕ್ಕೆ ಬರುತ್ತಿದ್ದಳು, ಎಷ್ಟೋ ದಿನ ಬರಿಗೈಯಲ್ಲಿ. ನಾದಿನಿಯ ಮಕ್ಕಳು ಬಾಗಿಲಿಗೆ ಬಂದು ನಿಂತು, ಏನೂ ಕೇಳದೆ, ಒಲೆಯ ಕಡೆ ನೋಡಿ ಹೋಗುತ್ತಿದ್ದವು. ಸೊಸೆ ಅವು ಬಂದಾಗ ಪಾತ್ರೆಯ ಮೇಲೆ ತಟ್ಟೆ ಮುಚ್ಚುತ್ತಿದ್ದಳು.

ಬಿತ್ತನೆಯ ಕಾಲ ಹತ್ತಿರ ಬಂದಿತ್ತು. ಉಗ್ರಾಣದ ಲಾರಿಗಳನ್ನೆಲ್ಲ ಬೀಜ ಸಾಗಿಸಲು ಹಚ್ಚಿದರು. ಗಂಡನ ಲಾರಿಯೂ ಕಾರ್ಖಾನೆಯಿಂದ ಕೆಂಪು ಗೋಧಿಯ ಮೂಟೆ ಹೇರಿಕೊಂಡು ಊರೂರಿಗೆ ಓಡತೊಡಗಿತು. ಹಳೆಯ ಗೋಣಿ, ಸಡಿಲ ಹೊಲಿಗೆ. ಇಳಿಸಿ ಬರುವಾಗ ಲಾರಿಯ ಹಲಗೆಗಳ ಸಂದಿಯಲ್ಲಿ ಮೂರು ನಾಲ್ಕು ಸೇರು ಉಳಿಯುತ್ತಿತ್ತು. ಸೋರಿದ್ದು ಡ್ರೈವರಿಗೆ ಎಂಬುದು ಲಾರಿಯವರ ಹಳೆಯ ರೂಢಿ, ಅದನ್ನು ಯಾರೂ ಕಳವು ಅನ್ನುತ್ತಿರಲಿಲ್ಲ.

ಅವ್ವ ಮಗನನ್ನು ಬಾವಿಕಟ್ಟೆಯ ಹತ್ತಿರ ತಡೆದು ಮಾತಾಡಿದಳು.

"ಅವಳು ವಿಷ ಅಂತಾಳಲ್ಲಮ್ಮ," ಅಂದ ಮಗ.

"ಅವಳ ಬಾಯಲ್ಲಿರೋದು ವಿಷ. ಐದು ವಾರ ತಿಂದ್ವಲ್ಲ, ಸತ್ವಾ? ನಿನ್ನ ತಂಗಿ ಮನೆ ಮುಂದೆ ಎರಡು ನಿಮಿಷ ಗಾಡಿ ನಿಲ್ಸು. ಮಿಕ್ಕಿದ್ದು ನಾನು ನೋಡ್ಕೋತೀನಿ. ಅವಳಿಗೆ ಹೇಳೋಕೆ ಹೋಗ್ಬೇಡ."

ಅವನು ನಿಲ್ಲಿಸಿದ. ಅವ್ವ ಮಗಳು ಕೂಡಿ ಹಲಗೆ ಗುಡಿಸಿಕೊಳ್ಳುವವರೆಗೆ ಇಂಜಿನ್ನೂ ಆರಿಸದೆ ಕೂತಿದ್ದ. ಮೂರನೆಯ ದಿನ ತಂಗಿ ಒಂದು ಬಟ್ಟಲು ಬೇಯಿಸಿದ ಗೋಧಿ ತಂದು ಕೊಟ್ಟಳು. ಹೊಟ್ಟೆ ಸರಿಯಿಲ್ಲ ಎಂದು ಹೇಳಿ ಅವನು ಬಟ್ಟಲನ್ನು ಹಿಂದಕ್ಕೆ ಕೊಟ್ಟ. ತಾನು ತಿನ್ನದಿರುವಷ್ಟು ಹೆಂಡತಿಯ ಮಾತಿನ ಮೇಲೆ ಅವನಿಗೆ ನಂಬಿಕೆಯಿತ್ತು. ಲಾರಿ ನಿಲ್ಲಿಸದೆ ಮುಂದೆ ಹೋಗುವಷ್ಟು ಇರಲಿಲ್ಲ. ಇಂಥ ಗಂಡಸರು ಎಲ್ಲ ಮನೆಯಲ್ಲೂ ಇರುತ್ತಾರೆ, ಒಳ್ಳೆಯವರು ಎಂದೇ ಹೆಸರು ಪಡೆದಿರುತ್ತಾರೆ.

ಆ ವಾರವೇ ಸೊಸೆ ಕೆಲಸ ಮುಗಿಸಿ ಬರುತ್ತ ನಾದಿನಿಯ ಮನೆ ದಾಟುವಾಗ, ಮೋರಿಯಲ್ಲಿ ಕೆಂಪು ನೀರು ಹರಿಯುತ್ತಿರುವುದನ್ನು ಕಂಡಳು. ಎಲ್ಲಿಂದ ಬಂದದ್ದು ಎಂದು ತಿಳಿಯಲು ಅವಳಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಗಂಡನ ಲಾರಿಗೆ ಈಗ ಯಾವ ಸರಕು ಎಂದು ಗೊತ್ತಿತ್ತು. ಬಾಗಿಲಿಗೆ ಹೋದಳು. ನಾದಿನಿ ಹೊಸ್ತಿಲಲ್ಲಿ ಕೂತು ಗೋಧಿ ಉಜ್ಜುತ್ತಿದ್ದಳು, ಮೊಣಕೈವರೆಗೆ ಕೆಂಪು.

"ಇದು ಈಗ ಬರೀ ಬಣ್ಣ ಅಲ್ಲ. ಔಷಧಿ ಹಾಕಿದ್ದಾರೆ. ತಿನ್ನಬೇಡ, ಚೆಲ್ಲಿಬಿಡು."

ನಾದಿನಿ ತಲೆಯೆತ್ತಿ ನೋಡಿದಳು. "ನಿಮ್ಮ ಮನೆಗೆ ಬಂದಾಗ ಬಣ್ಣ, ನಮ್ಮ ಮನೆಗೆ ಬಂದಾಗ ವಿಷ. ಅಲ್ವಾ ಅತ್ತಿಗೆ?"

"ನಾನು ಹೇಳೋದು ಹೇಳಿದೀನಿ."

"ಮಣ್ಣು ತಿನ್ಲಿ ಅಂದೋರು ನೀವು. ಮಣ್ಣಿಗಿಂತ ಇದು ವಾಸಿ. ಹೋಗಿ."

ಒಳಗೆ ನುಗ್ಗಿ ಪಾತ್ರೆ ಒದೆಯಬಹುದಿತ್ತು. ಓಣಿಯವರನ್ನು ಕೂಗಿ ಸೇರಿಸಬಹುದಿತ್ತು. ಮೇಸ್ತ್ರಿಯನ್ನೇ ಕರೆತರಬಹುದಿತ್ತು, ಕೆಲಸ ಹೋದರೆ ಹೋಯಿತು ಎಂದು. ಅವಳು ಬೂಟಿನ ಧೂಳು ಕೊಡವಿ ಮನೆಗೆ ನಡೆದಳು. ದಾರಿಯುದ್ದಕ್ಕೂ, ನಾನು ಹೇಳಿದ್ದೇನಲ್ಲ, ಹೇಳಿದ್ದೇನಲ್ಲ ಎಂದುಕೊಂಡಳು. ಮಾರನೆಯ ದಿನದಿಂದ ಹಿಂದಿನ ಗಲ್ಲಿಯಲ್ಲಿ ಸುತ್ತು ಹಾಕಿ ಬರತೊಡಗಿದಳು, ಆ ಮೋರಿ ಕಣ್ಣಿಗೆ ಬೀಳದ ಹಾಗೆ. ಗಂಡನ ಜೊತೆಗೂ ಮಾತೆತ್ತಲಿಲ್ಲ. ಅವನೂ ಎತ್ತಲಿಲ್ಲ. ಇಬ್ಬರೂ ಎದುರುಬದುರು ಕೂತು ತಿಳಿಗಂಜಿ ಕುಡಿಯುವರು, ತಂಗಿ ಹೇಗಿದ್ದಾಳೆ ಎಂದು ಅವಳು ಕೇಳಳು, ಚೆನ್ನಾಗಿದ್ದಾಳೆ ಎಂದು ಅವನು ಹೇಳನು.

ಮೂರು ವಾರದಲ್ಲಿ ನಾದಿನಿಯ ಮನೆಯಲ್ಲಿ ಯಾರಿಗೂ ಏನೂ ಆಗಲಿಲ್ಲ. ಒಂದು ದಿನ ಅವಳು ಮಕ್ಕಳಿಬ್ಬರನ್ನೂ ಕೈಹಿಡಿದು ಕರೆತಂದು ಅಂಗಳದಲ್ಲಿ ಓಡಾಡಿಸಿ, ನೋಡಿ ಅತ್ತಿಗೆ, ನಿಮ್ಮ ವಿಷ ಎಷ್ಟು ಚೆನ್ನಾಗಿ ಮೈಗೆ ಹತ್ತಿದೆ ಎಂದು ಹೇಳಿ ಹೋದಳು. ಅತ್ತೆ ಆ ಇಡೀ ದಿನ ಸೊಸೆಯ ಮುಖ ನೋಡಿದಾಗಲೆಲ್ಲ, ನಗು ಮುಚ್ಚಿಕೊಳ್ಳುವ ಹಾಗೆ ಸೀರೆಯ ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು. ಸೊಸೆಗೇ ಒಂದು ಗಳಿಗೆ, ಮೇಸ್ತ್ರಿ ತನ್ನನ್ನೂ ಹೆದರಿಸಲು ಆ ಹಾಳೆ ಕೊಟ್ಟನೇನೋ ಅನಿಸಿತು.

ಆ ದಿನಗಳಲ್ಲಿ ಅವಳ ಮನಸ್ಸು ಅತ್ತೆಯ ವಿಷಯದಲ್ಲಿ ತುಸು ಮೆತ್ತಗಾಗಿತ್ತು. ಎಲ್ಲರೂ ಒಣಗುತ್ತಿದ್ದರೂ ಚಿನಕುರಳಿಯ ಕೆನ್ನೆ ಇಳಿದಿರಲಿಲ್ಲ. ಹಸಿವು ಎಂದು ಅಳುತ್ತಿರಲಿಲ್ಲ. ಮಧ್ಯಾಹ್ನ ತಾನಿಲ್ಲದಾಗ ಅತ್ತೆ ತನ್ನ ಪಾಲನ್ನು ಮೊಮ್ಮಗಳಿಗೆ ಹಾಕುತ್ತಿದ್ದಾಳೆ ಎಂದು ತಿಳಿದಳು. ಮುದುಕಿ ಬಾಯಿ ಕೆಟ್ಟದ್ದು, ಕರುಳು ಕೆಟ್ಟದ್ದಲ್ಲ ಅಂದುಕೊಂಡು, ಒಂದು ಸಂಜೆ ತಾನೇ ಸೌಟು ತೆಗೆದುಕೊಂಡು ತಳದ ಗಟ್ಟಿಯನ್ನು ಅತ್ತೆಯ ತಟ್ಟೆಗೆ ಹಾಕಿದಳು. ಅತ್ತೆ ಬೇಡವೆನ್ನಲಿಲ್ಲ, ತಲೆ ತಗ್ಗಿಸಿ ತಿಂದಳು.

ರಾಷ್ಟ್ರದ ಎಲ್ಲ ಕೇಂದ್ರಗಳಿಗೂ ಬೀಜ ತಲುಪಿದೆ, ಬಿತ್ತನೆ ಹೊತ್ತಿಗೆ ಸರಿಯಾಗಿ ಮುಗಿದಿದೆ, ಬರುವ ವರ್ಷದ ಆಹಾರ ಭದ್ರವಾಗಿದೆ ಎಂದು ರೇಡಿಯೋ ಹೇಳಿದ ಸಂಜೆ ಚಿನಕುರಳಿ ಗಂಜಿಯ ತಟ್ಟೆಯನ್ನು ಕೈಯಿಂದ ಬೀಳಿಸಿತು. ಒಂದು ಹೊತ್ತಿನ ಗಂಜಿ ನೆಲಕ್ಕೆ ಹೋಯಿತು. ಸೊಸೆ ಮಗಳ ಕೆನ್ನೆಗೆ ಬಾರಿಸಿದಳು. ಹುಡುಗಿ ಅಳಲಿಲ್ಲ, ತನ್ನ ಬೆರಳುಗಳನ್ನೇ ನೋಡಿಕೊಂಡು ನಿಂತಿತು. ಬೆಳಿಗ್ಗೆ ಅಂಗಿಯ ಗುಂಡಿ ಹಾಕಿಕೊಳ್ಳಲು ಬರಲಿಲ್ಲ. ಅಜ್ಜಿ ಸೋಮಾರಿ ಎಂದು ಬೈದಳು. ಅದರ ಮಾರನೆಯ ದಿನ ಮತ್ತೆ ನೀರಿನ ಚೊಂಬು ಬಿತ್ತು, ಮತ್ತೆ ಏಟು ಬಿತ್ತು.

"ಬೆರಳು ಜುಮ್ ಅಂತಿದೆ ಅಮ್ಮ. ನಂದಲ್ಲ ಅನ್ಸುತ್ತೆ," ಎಂದಿತು ಹುಡುಗಿ. ಮಾತು ನಾಲಿಗೆಗೆ ಅಂಟಿಕೊಂಡು ನಿಧಾನವಾಗಿ ಬಂತು.

ಸೊಸೆ ಎತ್ತಿದ ಕೈಯನ್ನು ಇಳಿಸಿದಳು. ಆ ಬಾಗಿಲಿನಿಂದ ಈ ಬಾಗಿಲಿಗೆ ನಡೆದು ಬಾ ಅಂದಳು. ಹುಡುಗಿ ಗೋಡೆ ಹಿಡಿದುಕೊಂಡು ಬಂತು. ಗೋಡೆ ಬಿಟ್ಟು ಬಾ ಅಂದಾಗ ಎರಡು ಹೆಜ್ಜೆ ಇಟ್ಟು ಪಕ್ಕಕ್ಕೆ ವಾಲಿ ಕೂತುಬಿಟ್ಟಿತು.

"ಎಲ್ಲಿ ತಿಂದೆ?"

ಓಣಿಗೆಲ್ಲ ಸುದ್ದಿ ಹಂಚುವ ಹುಡುಗಿ ಬಾಯಿ ಬಿಡಲಿಲ್ಲ. ಅಜ್ಜಿಯ ಮುಖ ನೋಡಿತು.

"ಹೇಳಿದ್ರೆ ಊಟ ನಿಲ್ಲುತ್ತೆ ಅಂತ ಆಣೆ ಹಾಕಿಸಿದ್ದೆ," ಎಂದಳು ಅತ್ತೆ. ಅವಳ ದನಿಯಲ್ಲಿ ಇನ್ನೂ ಗೆದ್ದ ಹಮ್ಮು ಇತ್ತು. "ದಿನಾ ಮಧ್ಯಾಹ್ನ ನನ್ನ ಮಗಳ ಮನೇಲಿ ಉಣ್ತಿದ್ಳು. ಇಲ್ಲದಿದ್ರೆ ನಿನ್ನ ತಿಳಿನೀರಲ್ಲಿ ಇಷ್ಟು ದಿನ ಬದುಕಿರ್ತಿದ್ಳಾ?"

ಗಂಡ ಬಾಗಿಲಲ್ಲಿ ನಿಂತಿದ್ದ.

"ಇವಳೂ ಅಲ್ಲಿ ತಿಂತಿದ್ಳಾ?" ಅಂದ.

ಆ "ಇವಳೂ" ಸೊಸೆಗೆ ಕೇಳಿಸಿತು. ಅವನಿಗೂ ತಿಳಿದಿತ್ತು, ತನಗೂ ತಿಳಿದಿತ್ತು. ಬೇರೆಯವರ ಮಕ್ಕಳು ತಿನ್ನುತ್ತಿವೆ ಎಂದುಕೊಂಡು ಇಬ್ಬರೂ ಸುಮ್ಮನಿದ್ದರು. ಅವಳು ಮಗುವನ್ನು ಎತ್ತಿಕೊಂಡು ಓಡಿದಳು.

ಸರ್ಕಾರಿ ಆಸ್ಪತ್ರೆಯ ಪಡಸಾಲೆಯಲ್ಲಿ ಇನ್ನೂ ಎಷ್ಟೋ ಮನೆಯವರು ಕೂತಿದ್ದರು, ಎಲ್ಲ ಲಾರಿಯವರ ಸಂಸಾರಗಳು. ಡಾಕ್ಟರಮ್ಮ ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದು ಮಕ್ಕಳನ್ನು ಅದರ ಮೇಲೆ ನಡೆಸಿ ನೋಡುತ್ತಿದ್ದರು. ಸುದ್ದಿ ಕೇಳಿ ನಾದಿನಿಯೂ ಮಕ್ಕಳನ್ನು ಕರೆತಂದಿದ್ದಳು, ಅವು ಅಲ್ಲಲ್ಲಿ ತಪ್ಪಿದರೂ ಗೆರೆಯ ಕೊನೆ ಮುಟ್ಟಿದವು. ಸರದಿ ಬರಲು ಮೂರು ದಿನ ಹಿಡಿದಿತ್ತು, ಅಷ್ಟರಲ್ಲಿ ಚಿನಕುರಳಿಯನ್ನು ನಿಲ್ಲಿಸಲೂ ಆಗದಂತಾಗಿತ್ತು. ಅಮ್ಮ ಎಲ್ಲಿದ್ದಾಳೆ ಎಂದು ಅಮ್ಮನ ತೋಳಿನಲ್ಲೇ ಇದ್ದು ಕೇಳುತ್ತಿತ್ತು. ಇದಕ್ಕೆ ಮದ್ದಿಲ್ಲ, ಹೋದದ್ದು ಹಿಂದಕ್ಕೆ ಬರುವುದಿಲ್ಲ, ಎಷ್ಟು ತಿಂದಿದೆ ಎಂಬುದರ ಮೇಲೆ ಉಳಿವು ನಿಂತಿದೆ ಎಂದು ಡಾಕ್ಟರಮ್ಮ ಹೇಳಿದರು. ಅತ್ತೆ ಗೋಡೆಗೆ ಒರಗಿ ಕೂತವಳು ಬಾಯಿಗೆ ಸೆರಗು ತುರುಕಿಕೊಂಡಿದ್ದಳು.

"ಇದು ವಿಷ ಅಂತ ನಿಮಗೆ ಯಾರೂ ಹೇಳ್ಲಿಲ್ವಾ?" ಡಾಕ್ಟರಮ್ಮ ನಾದಿನಿಯನ್ನು ಕೇಳಿದರು.

"ಅತ್ತಿಗೆ ಹೇಳಿದ್ರು," ಎಂದಳು ನಾದಿನಿ. "ಒಂದು ಸಲ."

"ದಿನಕ್ಕೆ ಎಷ್ಟು ಹಾಕ್ತಿದ್ರಿ?"

"ನನ್ನ ಮಕ್ಕಳಿಗೆ ಒಂದೊಂದು ಸೌಟು."

"ಈ ಮಗುವಿಗೆ?"

ನಾದಿನಿ ಅತ್ತಿಗೆಯ ಕಡೆ ತಿರುಗಿದಳು.

"ಎರಡು. ನನ್ನ ಮಕ್ಕಳದ್ದರಲ್ಲಿ ಕಡಿಮೆ ಮಾಡಿ ಹಾಕ್ತಿದ್ದೆ. ಹೊರಗಿನವಳು ಅಂತ ಕಡಿಮೆ ಬಡಿಸಿದ್ಲು ಅಂತ ನಾಳೆ ಅತ್ತಿಗೆ ಅನ್ನಬಾರದಲ್ಲ."

ಡಾಕ್ಟರಮ್ಮ ಚೀಟಿಯಲ್ಲಿ ಎರಡು ಎಂದು ಬರೆದುಕೊಂಡರು.